ಮೂರು ಸಲ ಎತ್ತಿದ ಮನೆ

ಸಾಮಿಲ್ಲಿನ ಸಾಲುಮನೆ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತ ತಪ್ಪಿದ ಕಡೆ ನೀನೇ ಸರಿಮಾಡಿಕೊಂಡು ಓದು. ನಾಲ್ಕನೇ ಕ್ಲಾಸು ಓದಿದವಳಿಂದ ಇಷ್ಟೇ ಆಗುವುದು. ನಿನ್ನ ಬೆರಳಿನ ಗಾಯ ಮಾಗಿತೇ? ಹೊಸ ಗರಗಸದ ಹತ್ತಿರ ಜೋಪಾನ. ಅಮ್ಮ ಚೆನ್ನಾಗಿದ್ದಾಳೆ. ಕೆಮ್ಮು ಕಡಿಮೆಯಾಗಿದೆ, ಬೈಗುಳ ಜಾಸ್ತಿಯಾಗಿದೆ.

ನಿನ್ನ ಕಾಗದ ಬಂತು. ಕಂಪನಿ ಮಿಲ್ಲನ್ನು ನೀನಿರುವ ಹೊಸ ಕಾಡಿಗೆ ಸಾಗಿಸುತ್ತಿದೆ, ಭಾನುವಾರ ನಮ್ಮ ಮನೆಯನ್ನೂ ರೈಲುಗಾಡಿಗೆ ಏರಿಸಿ ತರುತ್ತಾರೆ, ನಾನು ಒಪ್ಪಿದ್ದೇನೆ ಎಂದು ಬರೆದಿದ್ದೀಯ. ನೀನು ಒಪ್ಪಿರಬಹುದು. ನಾವು ಒಪ್ಪಿಲ್ಲ.

ನೀನು ಮರೆತಂತಿದೆ, ಅದಕ್ಕೇ ನೆನಪಿಸುತ್ತೇನೆ. ಅಪ್ಪ ಮೊದಲ ಗರಗಸದ ಜೊತೆಯಲ್ಲೇ ಬಂದವರು. ಆಗ ನಮ್ಮ ಊರಿಗೆ ಹೆಸರಿರಲಿಲ್ಲ, ಮೈಲಿಕಲ್ಲಿನ ನಂಬರೇ ಹೆಸರು. ಮರ ಮುಗಿದ ಕೂಡಲೇ ಹೊರಡಬೇಕಲ್ಲ, ಅದಕ್ಕೇ ಕಂಪನಿ ಎಲ್ಲರ ಮನೆಯನ್ನೂ ರೈಲುಗಾಡಿಯ ಅಗಲಕ್ಕೇ ಕಟ್ಟಿಸಿತು, ಒಂದಂಗುಲ ಹೆಚ್ಚಿಲ್ಲ. ನಮ್ಮ ಮನೆಯನ್ನು ಮೂರು ಸಲ ಎತ್ತಿದರು. ಪಾತ್ರೆಗಳನ್ನು ಮರದಪುಡಿಯಲ್ಲಿ ಹೂತಿಟ್ಟು, ಮಂಚದ ಮೇಲೆ ಕೂತು, ಊರು ಹಿಂದೆ ಸರಿಯುವುದನ್ನು ಕಿಟಕಿಯಿಂದ ನೋಡಿದೆವು. ನಿನಗೆ ಅದು ಆಟ. ಎರಡನೇ ಊರಿನಲ್ಲಿ ನಮ್ಮ ಪುಟ್ಟ ತಮ್ಮನನ್ನು ಮಣ್ಣು ಮಾಡಿದ ಎಂಟನೇ ದಿನಕ್ಕೇ ಮನೆ ಎತ್ತಿದರು, ಹಿಂದೆಯೇ ಹಳಿಯನ್ನೂ ಕಿತ್ತರು. ಆ ಜಾಗ ಎಲ್ಲಿ ಎಂದು ಅಮ್ಮನಿಗೆ ಇವತ್ತಿಗೂ ತಿಳಿಯದು. ಈ ಸಲ ಇಲ್ಲಿ, ದಿಮ್ಮಿ ರಾಶಿಯ ಹಿಂದೆ, ಅಪ್ಪ ಮಣ್ಣಿನಲ್ಲಿ ಮಲಗಿದ್ದಾರೆ. ಅವರನ್ನೂ ಕಳೆದುಕೊಳ್ಳಲು ಅಮ್ಮ ತಯಾರಿಲ್ಲ.

ಹೋದ ವಾರ ಕಂಪನಿಯ ಮೇಸ್ತ್ರಿ ಬಂದು ಮುಂದಿನ ಭಾನುವಾರಕ್ಕೆ ರೆಡಿಯಾ ಎಂದು ನನ್ನನ್ನೇ ಕೇಳಿದ. ಹೊರಗಿನವರ ಮುಂದೆ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುವುದು ನಿನಗೆ ಗೊತ್ತಲ್ಲ. ಸುಮ್ಮನೆ ನಿಂತೆ. ಅದನ್ನೇ ಒಪ್ಪಿಗೆ ಎಂದುಕೊಂಡು ಚೀಟಿಯಲ್ಲಿ ಗುರುತು ಹಾಕಿದ. ಅಮ್ಮ ಒಳಗಿನಿಂದ ಬಂದು, ನಾವು ಬರುವುದಿಲ್ಲ ಎಂದಳು.

"ಹಳಿ ಕಿತ್ತ ಮೇಲೆ ಇಲ್ಲಿ ಏನು ತಿಂತೀಯಮ್ಮ, ಮರದಪುಡೀನಾ?" ಎಂದು ನಕ್ಕ.

"ಇಷ್ಟು ವರ್ಷ ನೀವು ತಿನ್ನಿಸಿದ್ದೂ ಅದನ್ನೇ ಅಲ್ವಾ" ಎಂದಳು ಅಮ್ಮ.

ಅವನು ಚೀಟಿಯನ್ನು ಮಾತ್ರ ತಿದ್ದಲಿಲ್ಲ. ಕಮ್ಮಾರ, ಬಡಗಿ, ಬಟ್ಟೆ ಒಗೆಯುವ ಅಜ್ಜಿ ಎಲ್ಲ ಸೇರಿ ಐದು ಮನೆಯವರು ಉಳಿಯುತ್ತಿದ್ದೇವೆ. ಹೇಗೆ ಬದುಕುತ್ತೀರಿ ಎಂದು ಕೇಳಬೇಡ. ಕಂಪನಿ ಹುಟ್ಟುವ ಮೊದಲೂ ಜನ ಬದುಕಿದ್ದರು.

ಅಮ್ಮನ ಆಶೀರ್ವಾದವೂ ಇದೆ, ಸಿಟ್ಟೂ ಇದೆ. ಎರಡನ್ನೂ ಇಟ್ಟುಕೋ.

ನಿನ್ನ ತಂಗಿ

ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಮೇಸ್ತ್ರಿಗೆ ಬಾಯಲ್ಲಿ ಹೇಳಲಾಗಲಿಲ್ಲವಲ್ಲ, ಅದಕ್ಕೆ ಮಿಲ್ಲಿನವರು ಎಸೆದ ಹಲಗೆ ಹೊತ್ತು ತಂದು, ಬಡಗಿಯನ್ನು ಕೇಳಿ ಕೇಳಿ, ಮನೆಯ ಪಕ್ಕಕ್ಕೆ ಮೂರು ಮೊಳ ಅಗಲದ ಕೋಣೆ ಸೇರಿಸಿದ್ದೇನೆ. ತೊಲೆಗೆ ತೊಲೆ ಕಚ್ಚಿಸಿದ್ದೇವೆ. ಅದನ್ನು ಕಿತ್ತರೆ ಮನೆಯ ಸೂರೇ ಕುಸಿಯುತ್ತದೆ. ಇನ್ನು ಈ ಮನೆ ಯಾವ ಗಾಡಿಯ ಮೇಲೂ ಕೂರದು, ಯಾವ ಸೇತುವೆಯಲ್ಲೂ ತೂರದು. ಉಳಿದ ನಾಲ್ಕು ಮನೆಗಳಲ್ಲೂ ಸುತ್ತಿಗೆ ಸದ್ದು ಕೇಳಿಸುತ್ತಿದೆ. ನಮ್ಮದರ ಕೊನೆಯ ಮೊಳೆಯನ್ನು ಇವತ್ತು ಬೆಳಿಗ್ಗೆ ಹೊಡೆದೆ.