ಬೆಟ್ಟದ ಬೆನ್ನ ಮೇಲಿನ ಗೇಟು

ಹಾಸ್ಟೆಲ್,
ಮಂಗಳವಾರ ಸಂಜೆ

ಪ್ರೀತಿಯ ಅಣ್ಣ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನನಗೆ ಜ್ವರವಿಲ್ಲ, ಫೇಲೂ ಆಗಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ "ಆಮೇಲೆ ಮಾತಾಡೋಣ, ಕುರಿ ಆ ಕಡೆ ಹೋದ್ವು" ಎನ್ನುತ್ತೀಯ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರದ ಮೀಟಿಂಗ್ ವಿಷಯ. ಬೇಸಿಗೆ ಮುಗಿಯುವವರೆಗೆ ಬೆಟ್ಟದ ಬೆನ್ನ ಮೇಲೆ ಕುರಿ ಬಿಡಬಾರದೆಂದು ಅರಣ್ಯ ಕಚೇರಿಗೆ ಬರೆಯಬೇಕೋ ಬೇಡವೋ ಎಂದು ಚಾರಣದವರೆಲ್ಲ ಸೇರಿ ಅಂದು ತೀರ್ಮಾನಿಸುತ್ತಾರೆ. ಬೇಸಿಗೆಯಲ್ಲಿ ನಮಗೆ ಹುಲ್ಲು ಸಿಗುವುದು ಅದೊಂದೇ ಕಡೆ ಎನ್ನುವುದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ಮೀಟಿಂಗಿಗೆ ಕರೆದರೆ ನೀನು "ಆ ಬೂಟಿನವರ ಮುಂದೆ ನಾನು ಕೈಕಟ್ಟಿ ನಿಲ್ಲಲ್ಲ" ಎಂದೆಯಂತೆ. ಅಮ್ಮ ಹೇಳಿದಳು. ಅಣ್ಣ, ನೀನು ಬರಲೇಬೇಕು.

ಯಾಕೆಂದರೆ ನಾನೂ ಆ ಬೂಟಿನವರ ಪೈಕಿ. ಕಾಲೇಜಿನ ಚಾರಣ ಕ್ಲಬ್ಬಿಗೆ ಸೇರಿದ್ದೇನೆ. ರೂಮಿನಲ್ಲಿ ಸುಮ್ಮನೆ ಕೂತರೂ ನನಗೆ ಎದೆ ಡವಗುಟ್ಟುತ್ತದೆ. ಬೆಟ್ಟ ಹತ್ತುವಾಗಲೂ ಡವಗುಟ್ಟುತ್ತದೆ, ಆದರೆ ಆಗ ಕಾರಣವಾದರೂ ಇರುತ್ತದೆ. ನಗುತ್ತೀಯೆಂದು ನಿನಗೆ ಹೇಳಿರಲಿಲ್ಲ. ಅವರಿಗೆ ನಿನ್ನ ಬಗ್ಗೆಯೂ ಹೇಳಿರಲಿಲ್ಲ. ಯಾರಾದರೂ ಕೇಳಿದರೆ "ಅಣ್ಣ ಉಣ್ಣೆ ಬಿಸಿನೆಸ್‌ನಲ್ಲಿದ್ದಾನೆ" ಎನ್ನುತ್ತಿದ್ದೆ. ಸುಳ್ಳೇನಲ್ಲ, ಅಲ್ವಾ?

ಭಾನುವಾರ ನಮ್ಮ ಬೆಟ್ಟಕ್ಕೇ ಹೋದೆವು. ಕರೆದೊಯ್ದವನು ನಮ್ಮ ಲೀಡರ್, ಮೂರನೇ ವರ್ಷದವನು. ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುವುದು. ಅವನ ಶಿಸ್ತು ನೋಡಿದರೆ ನಮ್ಮ ವಾರ್ಡನ್ ಕೂಡ ನಾಚಬೇಕು. ಕುರಿಗಳು ತಾವಾಗಿ ಕೆಳಗಿನ ಕೆರೆಗೆ ಇಳಿಯಲೆಂದು ನೀನು ತೆರೆದಿಟ್ಟಿದ್ದ ಗೇಟನ್ನು, "ಯಾರೋ ಬೇಜವಾಬ್ದಾರಿ ಜನ" ಎಂದು ಗೊಣಗುತ್ತ ಮುಚ್ಚಿ ಚಿಲಕ ಹಾಕಿದನಂತೆ. ಏದುಸಿರು ಬಿಡುತ್ತ ಎಲ್ಲರಿಗಿಂತ ಮುಂದೆ ಓಡಿದ್ದ ನನಗೆ ಅದು ಗೊತ್ತಾಗಲಿಲ್ಲ.

ನೆತ್ತಿ ಮುಟ್ಟಿ ವಾಪಸು ಬರುವಷ್ಟರಲ್ಲಿ ಇಡೀ ಮಂದೆ ಗೇಟಿಗೆ ಒತ್ತಿಕೊಂಡು ನಿಂತಿತ್ತು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಬಂಡೆ, ನಡುವೆ ಬಾಯಾರಿ ಅರಚುವ ಕುರಿಗಳು. ಕ್ಯಾಪ್ಟನ್ ಫೋಟೋ ಹೊಡೆಯುತ್ತ, "ಶನಿವಾರ ಇದನ್ನೇ ತೋರಿಸೋಣ. ನಡೆಯೋರಿಗೆ ದಾರಿನೇ ಇಲ್ಲ" ಎಂದ. ಅಷ್ಟರಲ್ಲಿ ನಮ್ಮ ನಾಯಿ ಗಡ್ಡಪ್ಪ ಬೊಗಳುತ್ತ ಓಡಿಬಂದ. ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ಅವನು ನೇರವಾಗಿ ಬಂದು ನನ್ನ ಕಾಲ ಮೇಲೆ ಬಿದ್ದು ಹೊಟ್ಟೆ ತೋರಿಸಿದ. "ಅಲುಗಾಡ್ಬೇಡ, ಕಚ್ಚುತ್ತೆ!" ಎಂದು ಕ್ಯಾಪ್ಟನ್ ಬಂಡೆಯ ಹಿಂದಿನಿಂದ ಕೂಗಿದ.

ಆಗ ಚಿಲಕ ಕಣ್ಣಿಗೆ ಬಿತ್ತು. ನಾನು ದಾಟುವಾಗ ಗೇಟು ತೆರೆದೇ ಇತ್ತು. ಮಂದೆಯೊಳಗೆ ನುಗ್ಗಿ ಗೇಟು ತೆಗೆದೆ. ಕುರಿಗಳು ಸಾಲುಗಟ್ಟಿ ಇಳಿದುಹೋದವು, ದಾರಿ ಖಾಲಿ.

ಕ್ಯಾಪ್ಟನ್ ರೇಗಿದ. "ಯಾರದೋ ಗೇಟು, ಕೇಳದೆ ಹೇಗೆ ತೆಗೆದೆ?"

"ನೀವು ಕೇಳಿ ಮುಚ್ಚಿದ್ರಾ?" ಎಂದುಬಿಟ್ಟೆ. ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. "ಗೇಟು ನಮ್ಮಣ್ಣಂದು. ಕುರಿ ನಮ್ಮವು. ಈ ನಾಯೀನೂ."

ಜೊತೆಗೆ ಬಂದಿದ್ದ ನನ್ನ ರೂಮ್‌ಮೇಟ್, "ಏ, ಇದೇನೇ ನಿನ್ನ ಉಣ್ಣೆ ಬಿಸಿನೆಸ್ಸು?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕ್ಯಾಪ್ಟನ್ ಮಾತ್ರ ನಗಲಿಲ್ಲ. ಇಳಿಯುವ ದಾರಿಯುದ್ದಕ್ಕೂ ಪ್ರಶ್ನೆ: ಕುರಿ ಯಾವಾಗ ನೀರಿಗೆ ಇಳಿಯುತ್ತವೆ, ಒಂದು ಬೋರ್ಡಾದರೂ ಯಾಕೆ ಹಾಕಿಲ್ಲ? ಅವನ ಪಟ್ಟು ಪೂರ್ತಿ ಸಡಿಲವಾಗಿಲ್ಲ. ಕಳೆದ ತಿಂಗಳು ಗಡ್ಡಪ್ಪ ಅಟ್ಟಿಸಿಕೊಂಡು ಹೋಗಿ ಒಬ್ಬ ಟೀಚರ್ ಬಿದ್ದು ಕೈ ಮುರಿದುಕೊಂಡರಂತೆ. ಅಣ್ಣ, ಇದನ್ನು ನೀನು ನನಗೆ ಹೇಳಲೇ ಇಲ್ಲ.

ಬಂದು ಗೇಟಿನ ವಿಷಯ ಹೇಳು, ನಾಯಿಯ ವಿಷಯ ಕೇಳಿಸಿಕೋ. ಕೈಕಟ್ಟಿ ನಿಲ್ಲಬೇಕಾಗಿಲ್ಲ, ಕುರ್ಚಿ ಹಾಕಿರುತ್ತಾರೆ. ಪಕ್ಕದಲ್ಲಿ ನಾನು ಕೂರುತ್ತೇನೆ. ನೀನು ಬಾರದಿದ್ದರೆ ನಾನೇ ಎದ್ದು ಮಾತಾಡುತ್ತೇನೆ. ವೈವಾದಲ್ಲಿ ಹೆಸರು ಕೇಳಿದರೂ ತೊದಲುವವಳು ನಾನು, ಯೋಚಿಸು.

ನಿನ್ನ ತಂಗಿ,
ನೀನೇ ಹೆಸರಿಟ್ಟ ಪಿಟೀಲು

ತಾ.ಕ.: ಈ ಪತ್ರ ತಂದುಕೊಟ್ಟ ಉದ್ದನೆಯ ಹುಡುಗನೇ ಕ್ಯಾಪ್ಟನ್. ಪೋಸ್ಟಿಗೆ ಹಾಕಲು ಹೊರಟಿದ್ದೆ, "ಕೊಡು, ನಾನೇ ಹೋಗ್ತೀನಿ. ಕುರಿ ನೀರಿಗೆ ಇಳಿಯೋದನ್ನ ಒಂದ್ಸಲ ಸರಿಯಾಗಿ ನೋಡ್ಬೇಕು" ಎಂದು ಕೈಯೊಡ್ಡಿ ನಿಂತಿದ್ದಾನೆ. ಅವನನ್ನು ಹೊರಗೇ ನಿಲ್ಲಿಸಿಕೊಂಡು ಇಷ್ಟೆಲ್ಲ ಓದಿದ್ದರೆ, ಪಾಪ, ಗಡ್ಡಪ್ಪನನ್ನು ಕಟ್ಟಿ ಒಳಗೆ ಕರಿ.