ಹುಟ್ಟದ ಮಗುವಿನ ರಕ್ತದ ಗುಂಪು

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಹುಟ್ಟದೇ ಹೋದ ಮಗುವಿನ ರಕ್ತದ ಗುಂಪು ಯಾವುದೆಂದು ನಿಮ್ಮ ಔಷಧ ಉಗ್ರಾಣ ನಮ್ಮನ್ನು ಕೇಳಿತ್ತು. ನಮಗೆ ಹೇಳಲಾಗಲಿಲ್ಲ. ಆ ತಪ್ಪಿಗೆ ನನ್ನ ಎರಡನೆಯ ಮಗು ಸತ್ತಿದೆ. ಖುದ್ದಾಗಿ ಹೇಳೋಣವೆಂದು ಹಲವು ಸಲ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಹಾಗಾಗಿ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನನ್ನದು ನೆಗೆಟಿವ್ ರಕ್ತ, ನಮ್ಮ ಯಜಮಾನರದು ಪಾಸಿಟಿವ್. ಹೊಟ್ಟೆಯಲ್ಲಿರುವ ಮಗು ಅಪ್ಪನಂತೆ ಪಾಸಿಟಿವ್ ಆದರೆ, ಅದರ ರಕ್ತ ತಾಯಿಯ ರಕ್ತಕ್ಕೆ ಸೇರಿದಾಗ ತಾಯಿಯ ಮೈ ಅದನ್ನು ಪರಕೀಯವೆಂದು ಬಗೆದು ಹೊಡೆದೋಡಿಸಲು ಕಲಿಯುತ್ತದೆ. ಕಲಿತದ್ದನ್ನು ಮರೆಯುವುದಿಲ್ಲ, ಮುಂದಿನ ಮಗುವಿನ ಮೇಲೆ ಎರಗುತ್ತದೆ. ಹೆರಿಗೆಯಾಗಲಿ, ಗರ್ಭಪಾತವಾಗಲಿ, ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಟ್ಟರೆ ಈ ಅನಾಹುತವನ್ನು ತಪ್ಪಿಸಬಹುದು. ನೀವು ವೈದ್ಯರು, ನಿಮಗೆ ಮೊದಲೇ ಗೊತ್ತಿತ್ತು. ನಾನು ಶಾಲಾ ಸಮವಸ್ತ್ರ ಹೊಲಿಯುವವಳು, ನನಗೆ ಈಗ ಗೊತ್ತಾಗಿದೆ.

ಕಳೆದ ವರ್ಷ ನಾಲ್ಕು ತಿಂಗಳ ಗರ್ಭ ಹೋದಾಗ ನಿಮ್ಮ ಡಾಕ್ಟರಮ್ಮ ಆ ಇಂಜೆಕ್ಷನ್ ಬರೆದುಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಉಗ್ರಾಣದ ಕಿಟಕಿಯಲ್ಲಿದ್ದವರು ಚೀಟಿ ನೋಡಿ, “ಮಗುವಿನ ಗುಂಪು ಬರ್ದಿಲ್ವಲ್ಲ” ಎಂದರಂತೆ.

“ಮಗು ಉಳೀಲಿಲ್ಲ ಸಾರ್” ಎಂದರು ನಮ್ಮ ಯಜಮಾನರು.

“ಪಾಪ. ಆದ್ರೆ ಮಗು ಪಾಸಿಟಿವ್ ಅಂತ ರಿಪೋರ್ಟ್ ಇದ್ರೇನೇ ಕೊಡೋದು. ರೂಲ್ಸೇ ಹಾಗಿದೆ, ನಾನೇನ್ ಮಾಡ್ಲಿ?”

ಯಜಮಾನರು ವಾರ್ಡಿಗೆ ಮರಳುವಷ್ಟರಲ್ಲಿ ಡಾಕ್ಟರಮ್ಮನ ಪಾಳಿ ಮುಗಿದಿತ್ತು. “ನಾಳೆ ಕೇಳೋಣ ಬಿಡಿ” ಎಂದರು ನರ್ಸ್. ಮರುದಿನ ಯಾರೂ ಕೇಳಲಿಲ್ಲ, ನನ್ನನ್ನು ಮನೆಗೆ ಕಳಿಸಿದರು. ದುಬಾರಿ ಮದ್ದು ಪೋಲಾಗಬಾರದೆಂದು ನೀವೇ ಮಾಡಿದ ನಿಯಮವಂತೆ ಅದು. ಸ್ವಾಮಿ, ನಾನೂ ಅಳತೆಯಿಲ್ಲದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ. ಆದರೆ ಸತ್ತವರ ಅಳತೆ ತಂದುಕೊಡಿ ಎನ್ನುವಷ್ಟು ಶಿಸ್ತು ನನ್ನ ಅಂಗಡಿಗೆ ಇನ್ನೂ ಬಂದಿಲ್ಲ.

ಈ ವರ್ಷ ಮಗಳು ಹುಟ್ಟಿದಳು. ಮೈಯೆಲ್ಲ ಹಳದಿ, ಹೊಟ್ಟೆ ಊದಿತ್ತು. ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಅವಳ ಕಣ್ಣು ಹೇಗಿತ್ತೆಂದು ನಾನು ನೋಡಲೇ ಇಲ್ಲ. ರಕ್ತ ಬದಲಿಸಿ ನೋಡಿದರು. ಎರಡನೆಯ ದಿನ ಹೋದಳು. ಅಂದು ಸಂಜೆ ಉಗ್ರಾಣದಿಂದ ಇಂಜೆಕ್ಷನ್ ತಾನಾಗಿಯೇ ವಾರ್ಡಿಗೆ ಬಂತು. ಈ ಸಲ ಚೀಟಿ ಸರಿಯಾಗಿತ್ತು: ಮಗು, ಪಾಸಿಟಿವ್. ಡಾಕ್ಟರಮ್ಮ ಚೀಟಿ ಓದಿ, “ನಿಮ್ಮ ಮೈ ಆಗ್ಲೇ ಕಲಿತುಬಿಟ್ಟಿದೆ, ಇನ್ನು ಇದ್ರಿಂದ ಪ್ರಯೋಜನ ಇಲ್ಲಮ್ಮ” ಎಂದು ಅದನ್ನು ವಾಪಸು ಕಳಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ಕಣ್ಣಾರೆ ಕಂಡೆ.

ನಮ್ಮ ಅತ್ತೆ ಕೆಟ್ಟವರಲ್ಲ. ನನಗೆ ತಲೆ ಬಾಚುತ್ತಾ ಮೆಲ್ಲಗೆ ಕೇಳಿದರು: “ಹೆತ್ತ ತಾಯಿ ರಕ್ತಾನೇ ಮಗೂಗೆ ವಿಷ ಆಗುತ್ತೇನೇ?” ಆಗುತ್ತದೆ ಎನ್ನಲೇ? ಅದನ್ನು ತಡೆಯುವ ಮದ್ದು ನಿಮ್ಮ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತೆಂದು ಅವರಿಗೆ ನೀವೇ ಬಂದು ಹೇಳುತ್ತೀರಾ? ರಾತ್ರಿಯೆಲ್ಲ ನನ್ನ ಕೈಯ ನರಗಳನ್ನು ನೋಡುತ್ತಾ ಮಲಗುತ್ತೇನೆ. ನನಗೆ ನನ್ನ ಮೈಯನ್ನು ಕಂಡರೇ ಭಯ.

ಪರಿಹಾರ ಬೇಡ, ಸಂತಾಪವೂ ಬೇಡ. ಆ ನಿಯಮವನ್ನು ಇಂದೇ ತೆಗೆದುಹಾಕಿ. ಗರ್ಭ ಕಳೆದುಕೊಂಡ ನೆಗೆಟಿವ್ ರಕ್ತದ ಹೆಂಗಸಿಗೆ, ಮಗುವಿನ ಗುಂಪು ಕೇಳದೆ, ಅವಳು ವಾರ್ಡು ಬಿಡುವ ಮೊದಲೇ ಆ ಇಂಜೆಕ್ಷನ್ ಕೊಡಿ.

ಇಂತಿ,
ಎದೆಹಾಲು ಬತ್ತಲೆಂದು ಮಾತ್ರೆ ನುಂಗುತ್ತಿರುವ
ಒಬ್ಬ ತಾಯಿ