ಯಾರೂ ಅನ್ನದ ಮಾತು

ಕೋಗಳಿ
ತಾ. 3-12-2002, ಮಂಗಳವಾರ

ಚಿರಂಜೀವಿ ನಾಗಲಿಂಗಮ್ಮನಿಗೆ ನಿನ್ನ ಮಾವ ಕರಿಸಿದ್ದಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀ ತಾಯಿ? ಚಳಿ ಬಿದ್ದರೆ ನಿನ್ನ ಎಡಗೈ ಮೊಣಕೈ ಹಿಡಿದುಕೊಳ್ಳುತ್ತಿತ್ತು, ಈಗ ಹೇಗಿದೆ? ಗುಡೇಕೋಟೆಯಲ್ಲಿ ನಿಮ್ಮಣ್ಣ ಮಂಜಣ್ಣನ ಮನೆಯಲ್ಲಿ ಎಲ್ಲರೂ ಆರಾಮವೆಂದು ತಿಳಿದಿದ್ದೇನೆ. ಇಲ್ಲಿ ಎಮ್ಮೆ ಈದಿದೆ, ಹೆಣ್ಣುಗರು. ನಿನ್ನ ಮಗಳು ಗೀತಾಂಜಲಿಯ ಕೆಮ್ಮು ಹೋಗಿದೆ, ಆದರೆ ಮೈ ಇಳಿದಿದೆ. ನಾನು ಗಟ್ಟಿಯಾಗಿದ್ದೇನೆ, ನನಗೇನಾಗುತ್ತದೆ. ನಾನು ಬಡಿಯುವ ರೊಟ್ಟಿಯನ್ನು ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸುತ್ತದೆ, ಅಷ್ಟೇ ತೊಂದರೆ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನ ಬರವಣಿಗೆ ಇದು, ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ಹೆಡ್ ಮಾಸ್ತರರ ಕೈಲಿ ಬರೆಸಬಹುದಿತ್ತು. ಇನ್ನೊಬ್ಬರಿಗೆ ಹೇಳಿ ಬರೆಸುವ ಸುದ್ದಿ ಅಲ್ಲವೆಂದು ನಾನೇ ಕುಳಿತಿದ್ದೇನೆ. ಮೂರು ಹಾಳೆ ಒಲೆಗೆ ಹೋದವು. ಇದು ನಾಲ್ಕನೆಯದು.

ಪಂಚಮಿ ಮುಗಿಸಿ ನಿಮ್ಮಣ್ಣನ ಊರಿಗೆ ಬಸ್ಸು ಹತ್ತುವಾಗ ನೀನು ಅಂದ ಮಾತು ನೆನಪಿದೆಯೋ ಇಲ್ಲವೋ. "ನನ್ನ ಕೈ ಬ್ಯಾಡಾದ ಊರಾಗ ನಾ ಯಾಕ ಇರ್ಲಿ ಮಾವಾರ?" ಅಂದೆ. ಮಗು ಅಲ್ಲೇ ನಿಂತು ಕೇಳಿಸಿಕೊಂಡಿತು. ನಾನು ನಿನ್ನ ಚೀಲವನ್ನು ಸೀಟಿನ ಕೆಳಗೆ ತುರುಕಿ, ಕಂಡಕ್ಟರನಿಗೆ ಸುಮ್ಮಸುಮ್ಮನೆ ಬೈದು ಇಳಿದುಬಿಟ್ಟೆ. ಆ ಮಾತಿಗೆ ಉತ್ತರ ನನ್ನ ಹತ್ತಿರ ಇತ್ತು. ಆವತ್ತೂ ಇತ್ತು, ಅದಕ್ಕೆ ಎರಡು ತಿಂಗಳ ಹಿಂದೆಯೂ ಇತ್ತು.

ಜೂನ್ ತಿಂಗಳಲ್ಲಿ ಒಂದರಿಂದ ಐದರವರೆಗಿನ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಬಿಸಿಯೂಟ ಎಂದು ಸರಕಾರ ಅಂದಾಗ, ಅಡುಗೆಗೆ ನೀನು ಅರ್ಜಿ ಹಾಕಿದೆ. ನನ್ನನ್ನು ಕೇಳಿಯೇ ಹಾಕಿದೆ. ನಾನು ಹೂಂ ಅಂದಿದ್ದೆ, ನಿಜ. ಮನೆಯಲ್ಲಿ ಕುಳಿತು ನನ್ನ ಮುಖ ನೋಡುವುದಕ್ಕಿಂತ ಮಕ್ಕಳ ಮುಖ ನೋಡಲಿ ಅಂತಲೇ ಅಂದದ್ದು. ನನ್ನ ಮಗ ಗಂಗಾಧರ ತೀರಿಹೋದ ಮೇಲೆ ಮೂರು ವರ್ಷದಲ್ಲಿ ನೀನು ನಕ್ಕದ್ದನ್ನು ನಾನು ಕಂಡದ್ದು ಆ ಅರ್ಜಿ ಬರೆದ ದಿನ ಮಾತ್ರ. ನೂರು ಮಕ್ಕಳಿಗೆ ಎಷ್ಟು ಬೇಳೆ ಬೇಕು, ಸಾರಿಗೆ ಹುಣಸೆಹಣ್ಣು ಎಷ್ಟು ಎಂದು ನೀನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ. "ಮೊದಲ ದಿನ ಸಣ್ಣಾವಕ್ಕ ಮೊದಲು ನೀಡ್ತೀನಿ, ದೊಡ್ಡಾವು ಕಾಯ್ಲಿ" ಅಂದಿದ್ದೆ.

ಈಗ ಸಭೆಯ ಸುದ್ದಿ. ಶಾಲಾ ಸಮಿತಿಯವರು ನಾವು ಐದು ಜನ, ಹೆಡ್ ಮಾಸ್ತರರು ಒಬ್ಬರು. ಮಾಸ್ತರರು ಅರ್ಜಿ ಓದಿದರು. ವಿಧವೆಯರಿಗೆ, ನಿರ್ಗತಿಕ ಹೆಣ್ಣುಮಕ್ಕಳಿಗೆ ಮೊದಲ ಅವಕಾಶ ಎಂದು ಸರಕಾರದ ಹಾಳೆಯಲ್ಲಿತ್ತಂತೆ. "ನಿರ್ಗತಿಕ ವಿಧವೆ, ನಾಗಲಿಂಗಮ್ಮ, ಕರಿಸಿದ್ದಪ್ಪನವರ ಸೊಸೆ" ಎಂದು ಓದಿದರು. ಆ ಮೊದಲ ಶಬ್ದ ಕಿವಿಗೆ ಬಿದ್ದದ್ದೇ ತಡ, ನನಗೆ ನೆತ್ತಿಗೇರಿತು. ಎದ್ದು ನಿಂತು, "ಯಾವನ್ರೀ ಹಿಂಗ ಬರದಾನ? ನನ್ನ ಮನಿ ಸೊಸಿ ನಿರ್ಗತಿಕಳಾ? ಎರಡು ಜೋಡಿ ಎತ್ತು ಕಟ್ಟೀನಿ ನಾನು, ಗುಮ್ಮಿ ತುಂಬ ಜೋಳ ಐತಿ!" ಎಂದು ಕೂಗಾಡಿದೆ. ಮಾಸ್ತರರು, "ಅದು ಫಾರಂನಾಗಿನ ಮಾತು ಯಜಮಾನ್ರ, ನಿಮಗ ಅಂದಿದ್ದಲ್ರಿ" ಎಂದು ಕೈಮುಗಿದರು. ಉಳಿದ ನಾಲ್ವರೂ, "ಆಕೀನ ಇರ್ಲಿ ಬಿಡ್ರಿ, ಕೈ ರುಚಿ ಐತಿ, ಸ್ವಚ್ಛ ಅದಾಳ" ಎಂದರು. ನನ್ನ ನಾಲಿಗೆ ನಿಲ್ಲಲಿಲ್ಲ. "ಆಕಿಗೇ ಮನಸಿಲ್ಲ, ನಾ ಹೇಳ್ತೀನಲ್ಲ, ಹೆಸರು ಹೊಡದ್ ಹಾಕ್ರಿ" ಅಂದೆ. ಹೊಡೆದರು.

ಓದಿದೆಯಲ್ಲ? ನಿನ್ನ ಹೆಸರು ಹೊಡೆಸಿದವನು ನಾನು.

ಇಷ್ಟೇ ಆಗಿದ್ದರೆ ಸಿಟ್ಟಿನ ಮುದುಕನ ಕೆಲಸ ಎಂದು ನೀನು ಒಂದು ದಿನ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆಯೇನೋ. ಮನೆಗೆ ಬಂದ ಮೇಲೆ ಮಾಡಿದ್ದು ಇದಕ್ಕಿಂತ ಹೊಲಸು. ನೀನು ನೀರಿನ ತಂಬಿಗೆ ಕೊಟ್ಟು, "ಏನಾತ್ರಿ ಮಾವಾರ?" ಅಂದೆ. ನಾನು "ಆಗಲಿಲ್ಲ" ಅಂದೆ. ನೀನು, "ಗಂಡ ಸತ್ತಾಕಿ ಕೈಯಾಗಿನ ಊಟ ಮಕ್ಕಳಿಗೆ ಬ್ಯಾಡ ಅಂದ್ರೇನ್ರಿ?" ಎಂದು ಕೇಳಿದೆ. ಇಲ್ಲ ಅನ್ನಬೇಕಿತ್ತು. ಒಂದೇ ಮಾತು. ನಾನು ಟವಲ್ಲು ಹೆಗಲಿಗೆ ಹಾಕಿಕೊಂಡು ದನದ ಕೊಟ್ಟಿಗೆಗೆ ಹೋದೆ. ಆ ಮಾತು ಸಭೆಯಲ್ಲಿ ಯಾರೂ ಅಂದಿಲ್ಲ ತಾಯಿ. ಊರಲ್ಲಿ ಒಂದು ನರಪಿಳ್ಳೆಯೂ ಅಂದಿಲ್ಲ. ನಿನ್ನ ಬಾಯಿಂದ ಬಂತು, ನಾನು ಅದಕ್ಕೆ ನನ್ನ ಮನೆಯಲ್ಲಿ ಜಾಗ ಕೊಟ್ಟೆ, ಯಾಕೆಂದರೆ ನನ್ನ ತಪ್ಪು ಮುಚ್ಚುವುದಕ್ಕೆ ಅದು ಅನುಕೂಲವಾಗಿತ್ತು. ಊರವರೋ, ನಿನಗೇ ಮನಸ್ಸಿಲ್ಲ ಅಂದುಕೊಂಡು ನಿನ್ನ ಮುಂದೆ ಆ ಸುದ್ದಿಯನ್ನೇ ಎತ್ತಲಿಲ್ಲ.

ಆಮೇಲೆ ನೀನು ತೊಟ್ಟಿಲ ಕಾರ್ಯಕ್ಕೆ ಹೋಗುವುದನ್ನು ಬಿಟ್ಟೆ. ಹಬ್ಬದ ದಿನ ಹೆತ್ತ ಮಗಳ ತಲೆಗೆ ಎಣ್ಣೆ ಒತ್ತುವುದಕ್ಕೂ ಪಕ್ಕದ ಮನೆಯ ತಿಪ್ಪೇರುದ್ರಮ್ಮನನ್ನು ಕರೆದೆ. ನಾನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ.

ಕೆಲಸ ಗಾದೆಮ್ಮನಿಗೆ ಆಯಿತು, ಅದು ನಿನಗೆ ಗೊತ್ತು. ಗಂಡ ಬಿಟ್ಟುಹೋದ ಹೆಂಗಸು, ಬಾಯಿ ಜೋರು, ಅಡುಗೆ ಪರವಾಗಿಲ್ಲ. ಮಧ್ಯಾಹ್ನವಾದರೆ ಶಾಲೆಯ ಕಡೆಯಿಂದ ತಟ್ಟೆ ಬಡಿಯುವ ಸದ್ದು ನಮ್ಮ ಹೊಲದವರೆಗೆ ಕೇಳುತ್ತದೆ. ಕುರಿಯ ಹಿಂದೆ ಅಲೆಯುತ್ತಿದ್ದ ದ್ಯಾಮಕ್ಕನ ಎರಡೂ ಮಕ್ಕಳು ಈಗ ದಿನಾ ಬರುತ್ತವೆ. ಎಲ್ಲವೂ ಸಾಲಾಗಿ ಕುಳಿತು ಉಣ್ಣುತ್ತಿದ್ದವು, ನಮ್ಮ ಗೀತಾಂಜಲಿ ಒಬ್ಬಳನ್ನು ಬಿಟ್ಟು. ನೀನು ಹೋದಂದಿನಿಂದ ಅವಳು ಅಲ್ಲಿಯ ಒಂದು ಅಗುಳು ಮುಟ್ಟಿರಲಿಲ್ಲ. "ನನಗ ಬ್ಯಾಡ ತಾತ, ನೀನ ರೊಟ್ಟಿ ತಾ" ಅಂದಳು. ನಾನು ಏನಂದುಕೊಂಡೆ ಗೊತ್ತೇ? ನನ್ನ ರಕ್ತ, ಪುಕ್ಕಟೆ ಊಟಕ್ಕೆ ಕೈ ಚಾಚುವುದಿಲ್ಲ ಎಂದು ಮೀಸೆ ತಿರುವಿದೆ. ದಿನಾ ಆ ಸುಟ್ಟ ರೊಟ್ಟಿ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ.

ಹೋದ ವಾರ ಎತ್ತಿನ ಲಾಳ ಹೊಡೆಸಲು ಹಗರಿಬೊಮ್ಮನಹಳ್ಳಿಗೆ ಹೋದವನು ಬರುವಷ್ಟರಲ್ಲಿ ಮೂರು ಗಂಟೆಯಾಯಿತು. ಶಾಲೆಗೆ ಓಡಿದರೆ ಮಗು ಗೋಡೆಗೆ ಒರಗಿ ಕುಳಿತಿತ್ತು, ಮುಖ ಬಾಡಿತ್ತು. ಗಾದೆಮ್ಮ ಪಾತ್ರೆ ತಿಕ್ಕುವುದನ್ನು ಬಿಟ್ಟು ನನ್ನ ಮೇಲೆ ಬಿದ್ದಳು. "ಏನ್ ಯಜಮಾನ, ಮೊಮ್ಮಗಳಿಗೆ ಏನ್ ಕಲ್ಸೀಯೋ? ತಟ್ಟಿ ಹಿಡ್ಕಂಡು ಹೋಗಿ ಕೈ ಹಿಡಿದು ಬೇಡ್ಕಂಡೆ. ನಮ್ಮವ್ವನ ಕೈ ಬ್ಯಾಡಾದ ಸಾಲಿ ಅನ್ನ ನನಗೂ ಬ್ಯಾಡ ಅಂತತಿ ಕೂಸು! ಯಾವ ಬಾಡ್ಯಾ ಅಂದನೋ ಆ ಮಾತು ಅದರ ಮುಂದ, ತೋರ್ಸು, ಸೌಟಿಲೆ ಬಡೀತೀನಿ!" ಅಂದಳು.

ಎಂಟು ವರ್ಷದ ಮಗು ನಾಲ್ಕು ತಿಂಗಳು, ಯಾರೂ ಅನ್ನದ ಮಾತಿಗೆ ಸಿಟ್ಟಾಗಿ, ಎಲ್ಲರೂ ಉಣ್ಣುವಾಗ ಒಬ್ಬಳೇ ಕುಳಿತಿತ್ತು. ನಾನು ಅಲ್ಲೇ ಪಾತ್ರೆಗಳ ನಡುವೆ ಕುಕ್ಕರಿಸಿ ಗಾದೆಮ್ಮನಿಗೆ ಎಲ್ಲ ಹೇಳಿದೆ. ಅವಳು ಸೌಟು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. "ಮೊದಲು ಆ ಕೂಸಿಗೆ ಹೇಳು, ಆಮ್ಯಾಲೆ ಅದರವ್ವಗ ಹೇಳು. ನನಗ ಹೇಳಿ ಏನ್ ಬಂತು?" ಎಂದು ಬೆನ್ನು ತಿರುಗಿಸಿದಳು.

ಮರುದಿನ ಬೆಳಿಗ್ಗೆ ಮಗುವಿಗೆ ಹೇಳಿದೆ. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಗೋಡೆಯ ಮಾಡದಲ್ಲಿದ್ದ ತಟ್ಟೆ ಇಳಿಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಆವತ್ತಿನಿಂದ ಅಲ್ಲೇ ಉಣ್ಣುತ್ತಾಳೆ, ಎರಡು ಸಲ ಹಾಕಿಸಿಕೊಳ್ಳುತ್ತಾಳಂತೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹಾಲು ಬೇಕಾದರೆ ಎಮ್ಮೆಗೆ ಹೇಳಿದ ಹಾಗೆ ಹೇಳುತ್ತಾಳೆ.

ಶಾಲೆಯಲ್ಲಿ ಮಕ್ಕಳು ಹೆಚ್ಚಾದ್ದರಿಂದ ಇನ್ನೊಬ್ಬ ಅಡುಗೆಯವರು ಬೇಕಾಗಿದ್ದಾರೆ. ಗಾದೆಮ್ಮ ನಿನ್ನ ಹೆಸರನ್ನೇ ಹೇಳಿದ್ದಾಳೆ. ನಾನು ಸಮಿತಿಯ ನಾಲ್ವರ ಮನೆಗೂ ಹೋಗಿ, ಆವತ್ತು ನಾನು ಹೇಳಿದ್ದು ಸುಳ್ಳು ಎಂದು ಅವರವರ ಅಂಗಳದಲ್ಲಿ ನಿಂತು ಹೇಳಿ ಬಂದಿದ್ದೇನೆ. ಸಭೆ ಬರುವ ಸೋಮವಾರ, ಒಂಬತ್ತನೆಯ ತಾರೀಖು, ಹನ್ನೊಂದು ಗಂಟೆಗೆ. ಫಾರಂನಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ, ನಾನು ಆ ದಿನ ಶಾಲೆಯ ಕಡೆ ತಲೆ ಹಾಕುವುದಿಲ್ಲ. ನನ್ನ ಮನೆಯಲ್ಲಿ ಇರಲು ಮನಸ್ಸು ಒಪ್ಪದಿದ್ದರೆ ಗಾದೆಮ್ಮನ ಮುಂದಿನ ಕೋಣೆ ಖಾಲಿ ಇದೆ, ಕೇಳಿದ್ದೇನೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಕ್ಷಮಿಸದೆಯೂ ಬರಬಹುದು.

ಮಂಜಣ್ಣನಿಗೂ ಅವನ ಹೆಂಡತಿಗೂ ನನ್ನ ಶರಣು ತಿಳಿಸು. ಕೊಟ್ಟೂರು ಬಸವೇಶ್ವರ ನಿನ್ನ ಎರಡೂ ಕೈಗಳನ್ನು ಗಟ್ಟಿಯಾಗಿಡಲಿ.

ನಿನ್ನ ಮಾವ,
ಕರಿಸಿದ್ದಪ್ಪ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ವರ್ಷ ಮುಗಿಯಲಿ ಎಂದು ಹಟ ಮಾಡಿ ಮಗುವನ್ನು ಇಲ್ಲಿ ಇಟ್ಟುಕೊಂಡದ್ದು ಶಾಲೆಗಾಗಿ ಅಲ್ಲ, ನೀನು ಹಿಂದಿರುಗಿ ನೋಡುವಂತಾಗಲಿ ಎಂದು. ಲಕೋಟೆಯಲ್ಲಿ ಗೀತಾಂಜಲಿಯ ಟಿ.ಸಿ. ಇಟ್ಟಿದ್ದೇನೆ, ಮಾಸ್ತರರು ಬೇಡವೆಂದರೂ ಬರೆಸಿಕೊಂಡೆ. ಸೋಮವಾರ ನೀನು ಬಂದರೆ ಅದನ್ನು ಅವರಿಗೇ ವಾಪಸು ಕೊಡು. ಬರದಿದ್ದರೆ ಭಾನುವಾರ ಹದಿನೈದಕ್ಕೆ ಮಗುವನ್ನು ಗುಡೇಕೋಟೆಗೆ ತಂದು ನಿನ್ನ ಕೈಗೆ ಒಪ್ಪಿಸುತ್ತೇನೆ, ಅಲ್ಲಿಯ ಶಾಲೆಗೆ ಸೇರಿಸು. ಅಲ್ಲಿಯೂ ಮಧ್ಯಾಹ್ನ ಊಟ ಇದೆಯಂತೆ, ವಿಚಾರಿಸಿದ್ದೇನೆ. ನಾನು ಬಾಗಿಲ ಹೊರಗಿನಿಂದಲೇ ಹಿಂದಿರುಗುತ್ತೇನೆ.